ದೇವಕ್ಕನ ಹದ

ಮನೋಳಿಯ ದೇವಕ್ಕನ ಬಾಯಲ್ಲಿ ದಿನಕ್ಕೆ ನೂರು ಸಲ ಬರುವ ಮಾತು ಒಂದೇ, ಹದ. ರೊಟ್ಟಿ ಹಿಟ್ಟಿಗೂ ಹದ, ಹೋಳಿಗೆ ಹೂರಣಕ್ಕೂ ಹದ. ಗಂಡ ನಿಜಗುಣಪ್ಪ ಸಿಡುಕಿದರೆ, "ಇವತ್ತ ಇವ್ರು ಹದದಾಗ ಇಲ್ಲ, ತಂಟೇಕ ಹೋಗಬ್ಯಾಡ" ಎಂದು ಸೊಸೆ ಮಧುವಿಗೆ ಎಚ್ಚರಿಕೆ! ಆದರೆ ಓಣಿಯವರು ಅವಳಿಗೆ ತಲೆಬಾಗುತ್ತಿದ್ದದ್ದು ಮಣ್ಣಿನ ಹದಕ್ಕೆ. ಮಳೆ ನಿಂತ ಮೇಲೆ ಎರೆಮಣ್ಣನ್ನು ಅಂಗೈಯಲ್ಲಿ ಹಿಚುಕಿ ಅವಳು ಹೂಂ ಅಂದರೇ ಕೂರಿಗೆಗಳು ಬಿತ್ತನೆಗೆ ಹೊರಡುತ್ತಿದ್ದವು.

ಹೋದ ಹಿಂಗಾರಿಯಲ್ಲಿ ಅವಳು ಒಂದು ದಿನ ಮೊದಲೇ ಹೂಂ ಅಂದುಬಿಟ್ಟಳು. ಹಸಿ ಮಣ್ಣು ಮೇಲೆ ಗಟ್ಟಿಯಾಗಿ ಕೂತು, ಜೋಳದ ಮೊಳಕೆ ಹೊರಗೆ ಬರಲೇ ಇಲ್ಲ.

"ಈ ಸಲ ನಮ್ದು ನಾವ ನೋಡ್ಕೋತೀವಿ ಬಿಡ್ರಿ" ಎಂದು ನಕ್ಕ ಪಕ್ಕದ ಹೊಲದ ಅಮೋಘಸಿದ್ದಪ್ಪ, ಮಳೆ ನಿಂತ ಮೂರನೆಯ ದಿನವೇ ಕೂರಿಗೆ ಹೂಡಿದ. ಇತ್ತ ನಿಜಗುಣಪ್ಪನಿಗೆ ನಿಂತಲ್ಲಿ ನಿಲ್ಲಲಾಗದು. "ಏನಂತಿ, ಬಿತ್ತೂದೋ ಬ್ಯಾಡೋ?"

ದೇವಕ್ಕನ ಅಂಗೈ ಜೋಮು ಹಿಡಿದು ಎರಡು ವರ್ಷವಾಗಿತ್ತು, ಯಾರಿಗೂ ಹೇಳಿರಲಿಲ್ಲ. ಈ ಸಲವೂ ತಪ್ಪಿದರೆ ವರ್ಷದ ಜೋಳವೂ ಹೋಯಿತು, ಹೆಸರೂ ಹೋಯಿತು.

ಬುತ್ತಿ ತಂದ ಮಧುವನ್ನು ಬದುವಿಗೆ ಎಳೆದೊಯ್ದಳು. "ನನ್ನ ಕೈಗೆ ಏನೂ ತಿಳಿಯೂದಿಲ್ಲವ್ವಾ. ನೀ ಹಿಚುಕಿ ನೋಡು."

"ಅಯ್ಯ ಅತ್ತೀ, ನಂಗೇನ ಗೊತ್ತಾಗತೈತ್ರಿ!"

"ದಿನಾ ಹಿಟ್ಟು ನಾದೂದಿಲ್ಲೇನ? ಹಂಗ. ಉಂಡಿ ಆಗಬೇಕು, ಕೈಗೆ ಹತ್ತಬಾರದು, ಕೆಳಗ ಬಿಟ್ರ ಒಡೀಬೇಕು."

ಮಧು ಹಿಚುಕಿದಳು. ಮಣ್ಣು ಬೆರಳಿಗೆ ಮೆತ್ತಿಕೊಂಡಿತು. "ಹತ್ತಾಕತ್ತೈತ್ರಿ."

"ಹಂಗಾರ ಇವತ್ತ ಬ್ಯಾಡ!" ದೇವಕ್ಕ ಗಂಡನತ್ತ ಕೂಗಿದಳು. ಅವನು ಸಂಜೆಯ ತನಕ ಗೊಣಗಿದ. ಅಮೋಘಸಿದ್ದಪ್ಪ ಬಿತ್ತಿ ಮುಗಿಸಿ ಮೀಸೆ ತಿರುವಿಕೊಂಡು ಹೋದ.

ಮರುದಿನ ಬಿಸಿಲೇರುತ್ತಲೇ ಮಧು ಕೈಯಿಂದ ಬಿಟ್ಟ ಮಣ್ಣಿನ ಉಂಡೆ ನೆಲಕ್ಕೆ ಬಿದ್ದು ಎರಡು ಹೋಳಾಯಿತು.

"ಬಂತ್ರೀ ಅತ್ತೀ! ಹದ ಬಂತು!"

"ಹೂಡ್ರೀ!" ಎಂದು ದೇವಕ್ಕ ಸೆರಗು ಸಿಕ್ಕಿಸಿದಳು. ಎತ್ತುಗಳ ಕೊರಳ ಗೆಜ್ಜೆ, ನಿಜಗುಣಪ್ಪನ ಹೋ ಹೋ, ಕೂರಿಗೆಯ ಬಟ್ಟಲಿಗೆ ಸರಸರ ಇಳಿಯುವ ಕಾಳು! ಹೊತ್ತು ಮುಳುಗುವುದರೊಳಗೆ ನಾಲ್ಕೆಕರೆ ಮುಗಿಯಿತು.

ಆರನೆಯ ದಿನ ಅವರ ಹೊಲದ ತುಂಬ ಹಸಿರು ಸಾಲು. ಅಮೋಘಸಿದ್ದಪ್ಪನ ಹೊಲ ಬೋಳು. ಅವನು ಮನೆ ಬಾಗಿಲಿಗೇ ಬಂದ. "ದೇವಕ್ಕಾರ, ಮತ್ತೊಂದು ಮಳಿ ಆದ್ರ ತಿರುಗಿ ಬಿತ್ತಬೇಕ್ರಿ. ಹದ ನೋಡಿ ಹೇಳ್ರಿ, ನಿಮ್ಮ ಕೈ ಸುಳ್ಳಲ್ಲ."

ಸುಮ್ಮನಿದ್ದಿದ್ದರೆ ಹೋದ ಹೆಸರು ತಾನಾಗಿಯೇ ಮರಳುತ್ತಿತ್ತು. ದೇವಕ್ಕ ಸುಮ್ಮನಿರಲಿಲ್ಲ. ಒಳಗೆ ಹೋಗಿ, ರೊಟ್ಟಿ ಬಡಿಯುತ್ತಿದ್ದ ಸೊಸೆಯನ್ನು ಎಬ್ಬಿಸಿ ತಂದು, ಅವಳ ಹಿಟ್ಟಿನ ಕೈಯನ್ನು ಎತ್ತಿ ಹಿಡಿದಳು.

"ಇನ್ನ ಮ್ಯಾಲೆ ಈ ಕೈನ ಕೇಳ್ರಿ."