ಹೌಸಿ ಕೂಗಿದ ಅಣ್ಣ

ಜೂಜು ಯಾವ ದೇಶದಲ್ಲಿ ತಪ್ಪು, ಯಾವ ದೇಶದಲ್ಲಿ ಮರ್ಯಾದೆ ಎನ್ನುವುದನ್ನು ನಾನು ಮೊದಲು ಕೇಳಿದ್ದು ನನ್ನ ಅಣ್ಣನ ಬಾಯಲ್ಲಿ. ಎರಡನೇ ಮಹಾಯುದ್ಧದಲ್ಲಿ ಅವನು ಸೈನ್ಯದ ಲಾರಿ ಓಡಿಸಿಕೊಂಡು ಈಜಿಪ್ಟು, ಇಟಲಿ ಎಲ್ಲ ಸುತ್ತಿ ಬಂದಿದ್ದ. ಐವತ್ತರ ದಶಕದಲ್ಲಿ ಹಾಸನದ ಒಂದು ಸರ್ಕಾರಿ ಕಚೇರಿಯಲ್ಲಿ ಜೀಪ್ ಡ್ರೈವರ್ ಆಗಿದ್ದ. ಅವನ ತಂಗಿ ನಾನು, ಚನ್ನರಾಯಪಟ್ಟಣದ ಪ್ರೈಮರಿ ಶಾಲೆಯಲ್ಲಿ ಪಾಠ ಹೇಳುತ್ತಿದ್ದೆ. ಭಾನುವಾರ ಇಬ್ಬರೂ ಹೊಳೆನರಸೀಪುರದ ಮನೆ ಸೇರುತ್ತಿದ್ದೆವು. ಊಟವಾದ ಮೇಲೆ ಅಣ್ಣ ಜಗಲಿಯ ಮೇಲೆ ಕಾಲು ಚಾಚಿ ಕೂತರೆ ಅಕ್ಕಪಕ್ಕದ ಮನೆಯವರೂ ಬಂದು ಕೂರುತ್ತಿದ್ದರು.

"ಇಟಲೀಲಿ ನೇಪಲ್ಸ್ ಅಂತ ಒಂದೂರು. ಅಲ್ಲಿ ಸರ್ಕಾರದೋರೇ ನಂಬರ್ ಎತ್ತುತಾರೆ. ಮುದುಕೀರು ತಮಗೆ ಬಿದ್ದ ಕನಸ್ನ ಅಂಗ್ಡಿಯೋನಿಗೆ ಯೋಳ್ತಾರೆ. ಆ ಕನಸಿಗೆ ಯಾವ ನಂಬರೋ ಅದುನ್ನೇ ಇಡೀತಾರೆ."

"ಸತ್ತೋರು ಕನಸ್ನಾಗೆ ಬಂದ್ರೆ?" ಎಂದು ಅವ್ವ ಕೇಳಿದಳು.

"ಅದುಕ್ಕೂ ಒಂದು ನಂಬರೈತೆ ಕಣವ್ವಾ."

ಇಂಗ್ಲೆಂಡಿನಲ್ಲಿ ಬೀದಿಯಲ್ಲಿ ನಿಂತು ಕುದುರೆಗೆ ಬಾಜಿ ಕಟ್ಟಿಸಿಕೊಳ್ಳುವವನನ್ನು ಪೊಲೀಸರು ಹಿಡಿಯುತ್ತಾರಂತೆ, ಮನೆಯಲ್ಲಿ ಟೆಲಿಫೋನ್ ಇದ್ದವನು ಅದರಲ್ಲೇ ಬಾಜಿ ಕಟ್ಟಿದರೆ ಕೇಳುವವರಿಲ್ಲವಂತೆ. ಆಸ್ಟ್ರೇಲಿಯದ ಸಿಪಾಯಿಗಳು ಮರಳಿನಲ್ಲಿ ಸುತ್ತ ನಿಂತು, ಸಣ್ಣ ಮರದ ಪಟ್ಟಿಯ ಮೇಲೆ ಎರಡು ಕಾಸು ಇಟ್ಟು ಮೇಲೆ ಚಿಮ್ಮಿ ಬಾಜಿ ಕಟ್ಟುತ್ತಿದ್ದರಂತೆ. ಅವರ ಅಧಿಕಾರಿಗಳು ಆ ಹೊತ್ತಿಗೆ ಬೇರೆ ಕಡೆ ಮುಖ ತಿರುಗಿಸುತ್ತಿದ್ದರಂತೆ. ಬ್ರಿಟಿಷ್ ಸೈನ್ಯ ಒಪ್ಪಿದ್ದು ಒಂದೇ ಆಟವನ್ನು, ಹೌಸಿ. ಚೀಲದಿಂದ ನಂಬರಿನ ಬಿಲ್ಲೆ ಎತ್ತಿ ಒಬ್ಬ ಕೂಗುತ್ತಾನೆ, ಉಳಿದವರು ತಮ್ಮ ಚೀಟಿಯಲ್ಲಿ ಆ ನಂಬರ್ ಇದ್ದರೆ ಮುಚ್ಚಿಕೊಳ್ಳುತ್ತಾರೆ, ಸಾಲು ತುಂಬಿದವನು ಗೆದ್ದ. ಅಣ್ಣ ತನ್ನ ತುಕಡಿಗೆ ಹೌಸಿ ಕೂಗುವವನಾಗಿದ್ದ.

ಆ ತುಕಡಿಯ ಲೆಫ್ಟಿನೆಂಟ್ ನಮ್ಮ ಸೀಮೆಯವರೇ, ಕಾಫಿ ತೋಟದ ಮನೆತನದವರು. ಇಟಲಿಯ ಚಳಿಯಲ್ಲಿ ಅವರಿಗೆ ಜ್ವರ ಬಂದು ಮಲಗಿದ್ದಾಗ ಅಣ್ಣನೇ ಗಂಜಿ ಕುಡಿಸಿ, ಲಾರಿಯಲ್ಲಿ ಮಲಗಿಸಿಕೊಂಡು ಆಸ್ಪತ್ರೆ ಸೇರಿಸಿದ್ದನಂತೆ. ಅಲ್ಲಿ ಇಬ್ಬರೂ ಒಂದೇ ತಟ್ಟೆಯಲ್ಲಿ ಉಂಡಿದ್ದರು. ಯುದ್ಧ ಮುಗಿದು ಊರಿಗೆ ಬಂದ ಮೇಲೆ, ಹಾಸನದ ಅವರ ಬಂಗಲೆಯಲ್ಲಿ ಅಣ್ಣನಿಗೆ ಕಾಫಿ ಬರುತ್ತಿದ್ದುದು ಹಿತ್ತಲ ಜಗಲಿಗೆ, ಬೇರೆ ಇಟ್ಟಿದ್ದ ಲೋಟದಲ್ಲಿ. ನಾನು ಆ ಮಾತು ಎತ್ತಿದರೆ, "ಅದು ಅವರ ಮನೆಯೋರ ಪದ್ಧತಿ, ಸಾಹೇಬ್ರುದಲ್ಲ" ಎನ್ನುತ್ತಿದ್ದ.

ಸಾಹೇಬರು ಹಾಸನದ ಒಂದು ಕ್ಲಬ್ಬಿನ ಸೆಕ್ರೆಟರಿಯಾದರು. ಶನಿವಾರ ಸಂಜೆ ಹೌಸಿ ಶುರುಮಾಡಿ, ಕೂಗುವುದಕ್ಕೆ ಅಣ್ಣನನ್ನೇ ಕರೆಸಿದರು. ಒಂದೊಂದು ನಂಬರಿಗೂ ಇಂಗ್ಲಿಷರು ಕೂಗುತ್ತಿದ್ದ ತಮಾಷೆ ಮಾತುಗಳನ್ನು ಬಿಟ್ಟು ಅಣ್ಣ ತನ್ನದೇ ಕಟ್ಟಿದ. ಹನ್ನೊಂದು ಬಂದರೆ "ನೊಗಕ್ಕೆ ಕಟ್ಟಿದ ಜೋಡೆತ್ತು", ಎಂಟು ಬಂದರೆ "ಶೆಟ್ಟರ ಹೊಟ್ಟೆ ಮೇಲೊಂದು ತಲೆ". ವಕೀಲರು, ಡಾಕ್ಟರು, ಅವರ ಹೆಂಡಂದಿರು ಬಿದ್ದು ಬಿದ್ದು ನಗುತ್ತಿದ್ದರಂತೆ. ಅದನ್ನು ಹೇಳುವಾಗ ಅವನ ಮುಖ ನೋಡಬೇಕಿತ್ತು.

ಆ ವರ್ಷ ದೀಪಾವಳಿಗೆ ನಮ್ಮ ಕೇರಿಯ ಹೆಂಗಸರು ಅವನಿಗೆ ಗಂಟುಬಿದ್ದರು. "ದೊಡ್ಡೋರಿಗೆ ಕೂಗ್ತೀಯಲ್ಲಣ್ಣಯ್ಯ, ನಮಗೂ ಒಂದಪ ಕೂಗು." ಅಣ್ಣ ಸಾಹೇಬರನ್ನು ಕೇಳಿದ. ಅವರು ಕ್ಲಬ್ಬಿನ ಚೀಲ, ಬಿಲ್ಲೆ, ಚೀಟಿ ಎಲ್ಲವನ್ನೂ ತಾವೇ ತೆಗೆದುಕೊಟ್ಟು, "ಹಬ್ಬ ಮಾಡ್ಕೊಳ್ರಯ್ಯ, ಏನಾದ್ರೂ ಬಂದ್ರೆ ನಾನಿದೀನಿ" ಎಂದರಂತೆ.

ಹಬ್ಬದ ಮಧ್ಯಾಹ್ನ ನಮ್ಮ ಜಗಲಿ ತುಂಬಿತ್ತು. ಚೀಟಿಗೆ ಒಂದಾಣೆ, ನಂಬರ್ ಮುಚ್ಚುವುದಕ್ಕೆ ಹುಣಸೆ ಬೀಜ. ಓದು ಬಾರದವರಿಗೆ ನಾನು ನಡುವೆ ಕೂತು ಅಂಕಿ ತೋರಿಸುತ್ತಿದ್ದೆ. ಅವ್ವ ಮೊದಲನೇ ಸಾಲು ಗೆದ್ದು, ನಂಬದೆ, ಮತ್ತೆ ಮತ್ತೆ ಬೀಜ ಎತ್ತಿ ನೋಡುತ್ತಿದ್ದಳು. ಆಗಲೇ ಸಬ್ ಇನ್ಸ್‌ಪೆಕ್ಟರು ಪೇದೆಗಳನ್ನು ಕಟ್ಟಿಕೊಂಡು ಬಂದರು. ಪೇಟೆಯ ಮಂಡಿಯವರ ಮಹಡಿಯಲ್ಲಿ ದುಡ್ಡಿಟ್ಟು ಹಬ್ಬದ ಇಸ್ಪೀಟೆಲೆ ಆಟ ನಡೆಯುತ್ತಿದ್ದುದು ಊರಿಗೆಲ್ಲ ಗೊತ್ತಿತ್ತು. ಪೊಲೀಸರು ಅದನ್ನು ದಾಟಿಕೊಂಡೇ ನಮ್ಮ ಕೇರಿಗೆ ಬಂದಿದ್ದರು.

"ಏನ್ಲಾ ಇದು, ಹೆಂಗಸ್ರ ಕೈಲಿ ಜೂಜಾಡಿಸ್ತಿದ್ದೀಯ?"

"ಜೂಜಲ್ಲ ಸಾ, ಹೌಸಿ. ಮಿಲ್ಟ್ರೀಲೂ ಬಿಡ್ತಾರೆ. ಆಸನದ ಕ್ಲಬ್ಬಲ್ಲಿ ದೊಡ್ಡೋರು ವಾರವಾರ ಆಡ್ತಾರಲ್ಲ ಸಾ?"

"ಅವ್ರು ಆಡಿದ್ರೆ ಕಾಲಕ್ಷೇಪ ಕಣ್ಲಾ. ಎತ್ಕೊ ಚೀಲ, ನಡಿ."

ಹುಣಸೆ ಬೀಜಗಳು ಬೀದಿಗೆ ಉರುಳಿದವು. ಹೆಂಗಸರನ್ನು ಬಿಟ್ಟು ಅಣ್ಣನನ್ನು ಕರೆದೊಯ್ದರು.

ಮರುದಿನ ಬೆಳಿಗ್ಗೆ ನಾನು ತಿಂಡಿ ತೆಗೆದುಕೊಂಡು ಠಾಣೆಗೆ ಹೋದಾಗ ಸಾಹೇಬರ ಕಾರು ನಿಂತಿತ್ತು. ನನಗೆ ಹೋದ ಜೀವ ಬಂದಂತಾಯಿತು. ಅವರು ಅಣ್ಣನನ್ನು ವರಾಂಡದ ತುದಿಗೆ ಕರೆದು ಮೆಲ್ಲಗೆ ಮಾತಾಡುತ್ತಿದ್ದರು. ನಾನು ಕಂಬದ ಪಕ್ಕದಲ್ಲೇ ಇದ್ದೆ.

"ನೋಡಯ್ಯ, ಕ್ಲಬ್ಬಿನ ಹೆಸರು ಕೋರ್ಟಲ್ಲಿ ಬರಬಾರದು. ಅಲ್ಲಿ ಎಂಥೆಂಥವರು ಮೆಂಬರು ಅಂತ ನಿನಗೇ ಗೊತ್ತು. ತಪ್ಪಾಯ್ತು ಅಂತ ಒಪ್ಕೊಂಡುಬಿಡು. ಸಣ್ಣ ದಂಡ, ಮುಗೀತು. ನಿನ್ನ ನೌಕರಿ ನಾನು ನೋಡ್ಕೋತೀನಿ."

"ಚೀಲ ಯಾರು ಕೊಟ್ರು ಅಂದ್ರೆ, ಸಾ?"

"ನಾನು ಕೊಟ್ಟೆ ಅಂತ ಮಾತ್ರ ಅನ್ಬೇಡ."

"ಆಯ್ತು ಸಾ" ಎಂದ ಅಣ್ಣ. ಕೈ ತಾನೇ ತಾನಾಗಿ ಸಲ್ಯೂಟಿಗೆ ಎದ್ದಿತು.

ಕೋರ್ಟಿನಲ್ಲಿ ಅಣ್ಣ ತಪ್ಪು ಒಪ್ಪಿಕೊಂಡ. ಚೀಲ ಎಲ್ಲಿಯದು ಎಂದು ಮ್ಯಾಜಿಸ್ಟ್ರೇಟರು ಕೇಳಿದಾಗ ತಲೆ ತಗ್ಗಿಸಿ ನಿಂತ. ಆಮೇಲೆ ಕ್ಲಬ್ಬಿನ ಮ್ಯಾನೇಜರು ಮುಂದೆ ಬಂದರು. ಸಾಹೇಬರೇ ಅವರನ್ನು ಕಳಿಸಿದ್ದರು. "ನಮ್ಮ ಕ್ಲಬ್ಬಿಂದ ಈ ಸಾಮಾನು ಕಳುವಾಗಿತ್ತು ಸ್ವಾಮಿ, ವಾಪಸು ಸಿಕ್ಕಿದರೆ ಸಾಕು, ದೂರೇನಿಲ್ಲ" ಎಂದರು. ಅಣ್ಣ ತಲೆ ಎತ್ತಿ ಅವರನ್ನೇ ನೋಡಿದ. ಮ್ಯಾನೇಜರು ಗೋಡೆ ಕಡೆ ತಿರುಗಿದರು. ನಾನು ಹಿಂದಿನ ಬೆಂಚಿನಿಂದ ಎದ್ದು, "ಸುಳ್ಳು ಸ್ವಾಮಿ, ಸಾಹೇಬರೇ ಕೊಟ್ಟಿದ್ದು" ಎಂದು ಕೂಗಿದೆ. ಜವಾನ ನನ್ನನ್ನು ಆಚೆ ಕಳಿಸಿದ. ಬಾಗಿಲಲ್ಲಿ ತಿರುಗಿ ನೋಡಿದರೆ ಅಣ್ಣ ಬೇಡವೆಂದು ತಲೆಯಾಡಿಸುತ್ತಿದ್ದ.

ಜೂಜಿನ ದಂಡ ದೊಡ್ಡದೇನಲ್ಲ. ಕಳ್ಳ ಎನ್ನುವ ಹೆಸರು ಹಾಸನದ ಕಚೇರಿಗೆ ಅವನಿಗಿಂತ ಮೊದಲೇ ತಲುಪಿತ್ತು. ಅವನನ್ನು ಕೆಲಸದಿಂದ ತೆಗೆದರು. ಅಣ್ಣ ಬಂಗಲೆಗೆ ಹೋದ. ಸಾಹೇಬರು ತೋಟಕ್ಕೆ ಹೋಗಿದ್ದಾರೆಂದು ಆಳು ಹೇಳಿದ. ಒಳಗೆ ಅವರು ಕೆಮ್ಮುತ್ತಿದ್ದುದು ಇವನಿಗೆ ಕೇಳಿಸುತ್ತಿತ್ತು. ಇಟಲಿಯ ಜ್ವರದಿಂದ ಉಳಿದುಕೊಂಡ ಕೆಮ್ಮು ಅದು, ಅವನಿಗೆ ಚೆನ್ನಾಗಿ ಗೊತ್ತಿತ್ತು. ಮುಂದಿನ ಶನಿವಾರ ಕ್ಲಬ್ಬಿನ ಗೇಟಿಗೆ ಹೋಗಿ ನಿಂತ. ಒಳಗೆ ಹೌಸಿ ನಡೆಯುತ್ತಿತ್ತು. "ನೊಗಕ್ಕೆ ಕಟ್ಟಿದ ಜೋಡೆತ್ತು, ಹನ್ನೊಂದು!" ಎಂದು ಕೂಗುತ್ತಿದ್ದವರು ಸಾಹೇಬರೇ. ಜನ ನಗುತ್ತಿದ್ದರು.

"ನನ್ನಂಗೇ ಕೂಗ್ತಾರೆ ಕಣ್ ತಂಗ್ಯವ್ವಾ" ಎಂದ ಮನೆಗೆ ಬಂದು. ನಾನು ಅತ್ತೆ, ಅವನು ಅಳಲಿಲ್ಲ.

ಅರಕಲಗೂಡಿನಲ್ಲಿ ಆಲೂಗಡ್ಡೆ ಸಾಗಿಸುವ ಲಾರಿಗೆ ಡ್ರೈವರ್ ಬೇಕಿತ್ತು, ಅಲ್ಲಿಗೆ ಸೇರಿಕೊಂಡ. ಆ ಊರಿನಲ್ಲೇ ಮದುವೆಯಾಯಿತು. ಅರವತ್ತರ ದಶಕ ಮುಗಿಯುವ ಹೊತ್ತಿಗೆ ಸರ್ಕಾರಗಳೇ ಲಾಟರಿ ಟಿಕೆಟು ಮಾರತೊಡಗಿದವು. ಬಸ್ ಸ್ಟ್ಯಾಂಡಿನಲ್ಲಿ ಟಿಕೆಟು ಕೂಗುವವನ ಪಕ್ಕದಲ್ಲೇ ಪೇದೆ ಬೀಡಿ ಸೇದುತ್ತ ನಿಂತಿರುತ್ತಿದ್ದ. ನನಗೆ ಅದನ್ನು ಕಂಡಾಗಲೆಲ್ಲ ಮೈ ಉರಿಯುತ್ತಿತ್ತು. ಅಣ್ಣ ಮಾತ್ರ, "ನೇಪಲ್ಸ್ ನಮ್ಮೂರಿಗೂ ಬಂತು" ಎಂದು ನಕ್ಕುಬಿಟ್ಟ.

ಒಂದು ಬೇಸಿಗೆ ರಜೆಯಲ್ಲಿ ನಾನು ಅವನ ಮನೆಯಲ್ಲಿದ್ದೆ. ಮಧ್ಯಾಹ್ನ ಊಟಕ್ಕೆ ತಡವಾಗಿ ಬಂದ, ಕೈಯೆಲ್ಲ ಗ್ರೀಸು. ದಾರಿಯಲ್ಲಿ ಸಾಹೇಬರ ಕಾರು ಕೆಟ್ಟು ನಿಂತಿತ್ತಂತೆ. ಲಾರಿ ನಿಲ್ಲಿಸಿ, ಬಿಸಿಲಿನಲ್ಲಿ ಕಾರಿನಡಿ ಮಲಗಿ ಸರಿಮಾಡಿಕೊಟ್ಟನಂತೆ.

"ಯಾಕೆ ಮಾಡಿದೆ? ಬಿಟ್ಟು ಬರಬೇಕಿತ್ತು!" ಎಂದೆ.

"ಗಾಡಿ ಕೆಟ್ಟು ನಿಂತಿದ್ರೆ ಬಿಟ್ಟು ಓಗದೆಂಗೆ, ತಂಗ್ಯವ್ವಾ?"

"ಅವರು ಏನಂದ್ರು?"

ಅಣ್ಣ ಸೀಮೆಎಣ್ಣೆಯಲ್ಲಿ ಕೈ ಉಜ್ಜಿಕೊಳ್ಳುತ್ತಿದ್ದ. "ಒಳ್ಳೇ ಕೆಲಸಗಾರ ಕಣಯ್ಯ ನೀನು, ನಿನ್ ಹೆಸರೇನು ಅಂದ್ರು."

"ನೀನೇನಂದೆ?"

"ಯೋಳ್ದೆ. ಇಟಲೀಲಿ ಯೋಳ್ತಿದ್ದಂಗೆ, ಮಿಲ್ಟ್ರಿ ನಂಬರ್ ಸಮೇತ. ಒಂದ್ ಗಳಿಗೆ ನನ್ನೇ ನೋಡಿದ್ರು. ಆಮ್ಯಾಕೆ ಗಾಜು ಏರಿಸ್ಕೊಂಡು ಒಂಟೋದ್ರು."

ಅತ್ತಿಗೆ ಮುದ್ದೆ ಬಡಿಸಿದಳು. ಅಣ್ಣ ಎರಡು ತುತ್ತು ಮುರಿದು, ಸಾರಿನಲ್ಲಿ ಅದ್ದಿ, ಹಾಗೇ ತಟ್ಟೆಯಲ್ಲಿ ಬಿಟ್ಟು ಎದ್ದ. ಹೊರಗೆ ಲಾರಿಯ ಬಾನೆಟ್ ತೆಗೆದ ಸದ್ದಾಯಿತು. ಬಾಗಿಲಿಗೆ ಹೋಗಿ ನೋಡಿದೆ. ಕೆಟ್ಟಿಲ್ಲದ ಎಂಜಿನ್ನಿನ ಮೇಲೆ ಬಗ್ಗಿ, ನಮ್ಮ ಕಡೆ ಬೆನ್ನು ಮಾಡಿಕೊಂಡು ನಿಂತಿದ್ದ.