ವಾಡಿಯಲ್ಲಿ ಖಾಲಿ ಇದ್ದ ಒಂದೇ ಜಾಗ

ನಮ್ಮೂರಿನಿಂದ ಸೇಡಂ ಸ್ಟೇಷನ್ನಿಗೆ ಎತ್ತಿನ ಗಾಡಿಯಲ್ಲಿ ಎರಡು ತಾಸಿನ ಹಾದಿ. ತೊಗರಿ ರಾಶಿ ಮುಗಿದ ವಾರ ಅದು, ಬೆಳಗಿನ ಚಳಿ ಇನ್ನೂ ಬಿಟ್ಟಿರಲಿಲ್ಲ. ನಾನು ಮತ್ತು ಹದಿನೇಳು ವರ್ಷದ ನನ್ನ ಮಗ ಶಿವಪ್ಪ, ಇಬ್ಬರೇ ಹೊರಟೆವು. ಹೆಂಡತಿ ಈರಮ್ಮ ಕಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಟ್ಟಳು. ಗಾಡಿ ಹತ್ತುವಾಗ ಮೆಲ್ಲಗೆ ಒಂದು ಮಾತು ಹೇಳಿದಳು.

"ಅಲ್ಲಿ ಹೋಗಿ ರಾಚಪ್ಪನ ಕೂಡ ಜಗಳ ತೆಗೀಬ್ಯಾಡ್ರಿ. ಹುಡುಗನ ನೌಕರಿ ಮಾತದ."

"ನಾ ಯಾಕ ಜಗಳ ತೆಗೀಲಿ?" ಅಂದೆ. ತೆಗೆಯುವ ಮನಸ್ಸು ಇತ್ತು. ಸುಳ್ಳು ಯಾಕೆ ಹೇಳಲಿ?

ರಾಚಪ್ಪ ನನ್ನ ಷಡ್ಡಕ, ಈರಮ್ಮನ ತಂಗಿ ನಾಗಮ್ಮನ ಗಂಡ. ನಾನು ಮೇಸ್ತ್ರಿಯಾಗಿರುವ, ನೆಲಕ್ಕೆ ಹಾಸುವ ಫರ್ಸಿ ಕಲ್ಲಿನ ಖಣಿಯಲ್ಲಿ ಹತ್ತು ವರ್ಷದ ಹಿಂದೆ ನನ್ನ ಕೈಕೆಳಗೆ ಕಲ್ಲು ಹೊರುತ್ತಿದ್ದವನು. ಫರ್ಸಿಯ ಹಾಸನ್ನು ಸುತ್ತಿಗೆಯಿಂದ ಬಡಿದರೆ, ಗಟ್ಟಿ ಕಲ್ಲಾದರೆ ಠಣ್ ಅನ್ನುತ್ತದೆ. ಒಳಗೆ ಸೀಳಿದ್ದರೆ ಬದ್ ಅನ್ನುತ್ತದೆ. ಆ ಸಪ್ಪಳ ತಿಳಿಯುವುದೇ ನಮ್ಮ ವಿದ್ಯೆ. ಸುತ್ತ ಹತ್ತು ಹಳ್ಳಿಯಲ್ಲಿ ನನ್ನಂಥ ಕಿವಿ ಇನ್ನೊಬ್ಬನಿಗಿರಲಿಲ್ಲ. ರಾಚಪ್ಪನಿಗೆ ಅದು ತಲೆಗೆ ಹತ್ತಲೇ ಇಲ್ಲ. "ಕಿವ್ಯಾಗ ಹತ್ತಿ ತುಂಬ್ಕೊಂಡೀಯೇನಲೇ?" ಎಂದು ನಾಲ್ಕು ಮಂದಿಯ ಮುಂದೆ ಬೈದು ಕಳಿಸಿಬಿಟ್ಟಿದ್ದೆ.

ಹಾಗೆ ಹೋದವನು ವಾಡಿಯಲ್ಲಿ ರೈಲ್ವೆ ಸೇರಿದ. ಏನು ಕೆಲಸ ಅಂತೀರಿ? ಗಾಡಿ ಬಂದು ನಿಂತಾಗ ಸುತ್ತಿಗೆಯಿಂದ ಗಾಲಿ ಬಡಿದು, ಸಪ್ಪಳ ಕೇಳಿ, ಬಿರುಕು ಬಿಟ್ಟಿದೆಯೋ ಇಲ್ಲವೋ ಹೇಳುವುದು! ನನ್ನ ವಿದ್ಯೆ, ನನ್ನ ಹತ್ತಿರ ಬೈಸಿಕೊಂಡವನ ಹೊಟ್ಟೆ ತುಂಬಿಸುತ್ತಿತ್ತು. ಈಗ ಅವನು ಆ ಕೆಲಸದವರಿಗೆಲ್ಲ ಮುಕಾದಮ. ಪಗಾರವೂ ನಮ್ಮ ನಿಜಾಮರ ಹಾಲಿ ರೂಪಾಯಿಯಲ್ಲಲ್ಲ, ಅದಕ್ಕಿಂತ ಬೆಲೆ ಹೆಚ್ಚಿನ ಇಂಗ್ರೇಜರ ಕಲ್ದಾರ್ ರೂಪಾಯಿಯಲ್ಲಿ. ಈ ಸುದ್ದಿ ಕೇಳಿದ ದಿನ ನನಗೆ ಊಟ ಸೇರಿರಲಿಲ್ಲ.

ಅವನೇ ಕಾಗದ ಬರೆಸಿದ್ದ. ಒಂದು ಜಾಗ ಖಾಲಿಯಾಗಿದೆ, ಶಿವಪ್ಪನನ್ನು ಕರೆದುಕೊಂಡು ಬನ್ನಿ, ಸಾಹೇಬರು ಪರೀಕ್ಷೆ ಮಾಡಿ ತೆಗೆದುಕೊಳ್ಳುತ್ತಾರೆ ಎಂದು. ಮಗನನ್ನು ಕರೆದೊಯ್ಯುತ್ತೇನೆ ಎಂದು ಮನೆಯಲ್ಲಿ ಹೇಳಿದೆ. ಹೇಳದೆ ಉಳಿಸಿಕೊಂಡದ್ದು ಇಷ್ಟು: ಆ ಜಾಗ ನನಗೇ ಬೇಕಾಗಿತ್ತು. ನನಗಿನ್ನೂ ನಲವತ್ತೆರಡು. ಕಿವಿ ನನ್ನದು, ವಿದ್ಯೆ ನನ್ನದು. ಹುಡುಗ ಇನ್ನೆರಡು ವರ್ಷ ಖಣಿಯಲ್ಲಿ ಬೆವರು ಸುರಿಸಲಿ.

ನಿಜಾಮರ ರೈಲು ಹೈದರಾಬಾದ್ ಕಡೆಯಿಂದ ಒಂದು ತಾಸು ತಡವಾಗಿ ಬಂತು. ಮೂರನೇ ದರ್ಜೆ ಡಬ್ಬಿಯಲ್ಲಿ ಒಂದು ಕಾಲೂರಲು ಜಾಗ ಸಿಕ್ಕಿತು. ಚಿತ್ತಾಪುರದಲ್ಲಿ ಇಬ್ಬರು ಇಳಿದ ಮೇಲೆ ಕುಳಿತೆವು. ಅಲ್ಲಿ ಹತ್ತಿದ ಬಡಿಗನೊಬ್ಬ ನಮ್ಮ ಎದುರು ಕುಳಿತ. ಬಂಡಿಯ ಗಾಲಿ ಮಾಡುವವನಂತೆ. ಮಗನನ್ನು ಮೋಟಾರು ಕಲಿಯಲು ಹಾಕಿದ್ದೇನೆ ಅಂದ.

"ಮತ್ತ ನೀವು?" ಎಂದು ಕೇಳಿದೆ.

"ನಾ ಮಗನ ಹಿಂದ ಹಿಂದ ಹೋಗಿ ಪಂಚರ್ ಹಚ್ಚೋದು ಕಲ್ತೀನ್ರಿ. ಮೋಟಾರಿಗಿ ಕಟಗಿ ಗಾಲಿ ನಡೀತಾವೇನು?" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕ.

ಶಿವಪ್ಪನೂ ನಕ್ಕ. ನನಗೆ ಆ ಬಡಿಗನ ಮೇಲೂ ಉರಿಯಿತು. ಮಗನ ಹಿಂದೆ ಹಿಂದೆ ಹೋಗಿ ಕಲಿತೆ ಅನ್ನಲು ಆ ಮನುಷ್ಯನಿಗೆ ನಾಚಿಕೆಯೇ ಆಗಲಿಲ್ಲ. ವಾಡಿ ಬರುವವರೆಗೆ ಕಿಟಕಿಯ ಹೊರಗೆ ನೋಡುತ್ತ ಕುಳಿತೆ.

ವಾಡಿ ಅಂದರೆ ಏನು ಗದ್ದಲ! ಮುಂಬಯಿ ಕಡೆಯ ಗಾಡಿ, ಮದ್ರಾಸ್ ಕಡೆಯ ಗಾಡಿ, ನಮ್ಮ ಗಾಡಿ, ಮೂರರ ಮಂದಿಯೂ ಒಂದೇ ಕಡೆ ಗಂಟು ಹೊತ್ತು ಓಡುತ್ತಾರೆ. ರಾಚಪ್ಪ ಖಾಕಿ ಕೋಟು ಹಾಕಿಕೊಂಡು ನಿಂತಿದ್ದ. ನಡುಮಧ್ಯಾಹ್ನದ ಬಿಸಿಲು, ಕುತ್ತಿಗೆಯವರೆಗೆ ಗುಂಡಿ. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ ಎಂದುಕೊಂಡೆ. ಅವನೋ ಬಗ್ಗಿ ನನ್ನ ಕಾಲು ಮುಟ್ಟಿದ.

"ಬರ್ರಿ ಅಣ್ಣಾರ. ದಣದೀರಿ. ಮನಿಗಿ ಹೋಗಿ ಕುಂದ್ರೂಣು."

ಅವನ ರೈಲ್ವೆ ಮನೆ ಎರಡೇ ಕೋಣೆ. ನೆಲಕ್ಕೆ ಸಿಮೆಂಟು. ನಾನು ಕುಳಿತವನೇ ಕೈಯಿಂದ ನೆಲ ಸವರಿದೆ, ಎಲ್ಲಿಯೂ ಸಂದು ಸಿಗಲಿಲ್ಲ. ನಾಗಮ್ಮ ಪುಂಡಿಪಲ್ಯ, ಬಿಸಿ ರೊಟ್ಟಿ ಬಡಿಸಿದಳು. ಅವರ ಮಗಳು ಮಹಾದೇವಿಗೆ ಹನ್ನೊಂದು ವರ್ಷ. ಬಾಗಿಲಲ್ಲಿ ನಿಂತು, ಹೋಗುವ ಸರಕಿನ ಡಬ್ಬಿಗಳ ಮೇಲಿನ ಇಂಗ್ರೇಜಿ ಅಂಕಿಗಳನ್ನು ಪಟಪಟನೆ ಓದಿ ಹೇಳುತ್ತಿದ್ದಳು. ನಾನು ಮಠದ ಅಯ್ಯನವರ ಹತ್ತಿರ ಕನ್ನಡದ ನಾಲ್ಕಕ್ಷರ ಕಲಿತವನು. ಶಿವಪ್ಪನಿಗೆ ಅಷ್ಟೂ ಕಲಿಸಿರಲಿಲ್ಲ. ಉಂಡು ಕೈತೊಳೆದು ನೋಡುತ್ತೇನೆ, ಅವನು ಆಕೆಯ ಪಕ್ಕ ಕುಳಿತು ನೆಲದ ಮೇಲೆ ಬೆರಳಿನಿಂದ ಅಂಕಿ ತೀಡುತ್ತಿದ್ದಾನೆ.

"ಹುಡುಗಿ ಕಡಿಂದ ಕಲೀತಿಯೇನಲೇ?" ಎಂದು ಗದರಿದೆ.

"ಓದಾಕ ಬರೋರ ಕಡಿಂದ ಕಲೀಬೇಕಲ್ಲಪ್ಪ," ಎಂದು ತೀಡುವುದನ್ನು ಮುಂದುವರಿಸಿದ.

ಮರುದಿನ ಸಾಹೇಬರು ಊರಲ್ಲಿರಲಿಲ್ಲ. ರಾಚಪ್ಪ ನಮ್ಮನ್ನು ಶಹಾಬಾದಿಗೆ ಕರೆದೊಯ್ದ. ಆರು ಮೈಲಿಯಷ್ಟೇ. ಇಳಿಯುತ್ತಲೇ ಸಿಮೆಂಟು ಕಾರ್ಖಾನೆಯ ಹೊಗೆ ಕಂಡಿತು. ಗಿಡದ ಎಲೆಯ ಮೇಲೆಲ್ಲ ಬೂದಿಬಣ್ಣದ ಹುಡಿ. ಹೊಸ ಮನೆಯೊಂದರಲ್ಲಿ ಗೌಂಡಿಯೊಬ್ಬ ಸಿಮೆಂಟಿನ ನೆಲ ಹಾಕುತ್ತಿದ್ದ. ನಾನು ಹೊಸ್ತಿಲಲ್ಲಿ ನಿಂತು ನೋಡಿದೆ. ಕಲಸಿದ, ಸುರಿದ, ಪಟ್ಟಿ ಎಳೆದ. ನಾವು ಕಲ್ಲು ಕಡಿದು, ತಂದು, ಕೆತ್ತಿ, ಕೂಡಿಸಿ ನಾಲ್ಕು ದಿನದಲ್ಲಿ ಮಾಡುವ ಕೆಲಸವನ್ನು ಅವನು ಸಂಜೆಯೊಳಗೆ ಮುಗಿಸುವವನಿದ್ದ. ಸೇಡಂ ಸಾವಕಾರರು ವರ್ಷದಿಂದ ಫರ್ಸಿ ಕಡಿಮೆ ಕೇಳುತ್ತಿದ್ದುದು ಯಾಕೆಂದು ಆಗ ತಿಳಿಯಿತು. ಇಂದಲ್ಲ ನಾಳೆ ನಮ್ಮ ಖಣಿಗೆ ಬೀಗ. ಆ ನೌಕರಿ ಬಿಡಬಾರದು, ಯಾರಿಗೂ ಬಿಡಬಾರದು ಎಂದು ಗಟ್ಟಿ ಮಾಡಿಕೊಂಡೆ.

ಮೂರನೇ ದಿನ ಬೆಳಿಗ್ಗೆ ಪರೀಕ್ಷೆ. ಬದಿಯ ಹಳಿಯ ಮೇಲೆ ಎಂಟು ಸರಕಿನ ಡಬ್ಬಿ ನಿಂತಿದ್ದವು. ಸಾಹೇಬರು ಬಂದವರೇ "ಲಡಕಾ ಕಹಾಂ ಹೈ?", ಹುಡುಗ ಎಲ್ಲಿ, ಎಂದು ಕೇಳಿದರು. ಶಿವಪ್ಪ ಹೆಜ್ಜೆ ಎತ್ತುವ ಮೊದಲೇ ನಾನು ಅವನಿಗೆ ಅಡ್ಡ ನಿಂತೆ.

"ಪೈಲೆ ಮೈ, ಸಾಬ್." ಮೊದಲು ನಾನು ಅಂದೆ.

ರಾಚಪ್ಪ ಗಾಬರಿಯಾದ. "ಅಣ್ಣಾರ, ಇದೇನ್ರಿ? ಜಾಗ ಒಂದೇ ಅದ!"

"ಗೊತ್ತದ. ಅದಕ್ಕೇ ಬಂದೀನಿ," ಅಂದೆ.

ಶಿವಪ್ಪ ನನ್ನ ಮುಖ ನೋಡಿದ. ಪಕ್ಕಕ್ಕೆ ಸರಿದು ನಿಂತ.

ಉದ್ದ ಹಿಡಿಕೆಯ ಸುತ್ತಿಗೆ ಕೈಗೆ ಬಂತು. ಬಡಿದೆ, ಠಣ್. ಮುಂದಿನದು, ಠಣ್. ಆಹಾ, ಇದೇನು ಮಹಾ ವಿದ್ಯೆ, ಹುಟ್ಟಿದಾಗಿನಿಂದ ಮಾಡಿದ್ದು! ಐದನೇ ಡಬ್ಬಿಗೆ ಬಂದೆ. ಅದರ ಮೇಲೆ ರಾಚಪ್ಪ ಬೆಳಿಗ್ಗೆ ತಾನೇ ನೋಡಿ ಸರಿಯಿದೆ ಎಂದು ಸುಣ್ಣದ ಗುರುತು ಹಾಕಿದ್ದ. ಬಡಿದೆ. ಬದ್. ಇನ್ನೊಮ್ಮೆ ಬಡಿದೆ. ಬದ್. ಅಬ್ಬಾ, ಆಗ ಆದ ಸಂತೋಷ ಹೇಳತೀರದು! ಬಸವಣ್ಣನೇ ನನ್ನ ಷಡ್ಡಕನನ್ನು ನನ್ನ ಕೈಗೆ ಕೊಟ್ಟ ಎನ್ನಿಸಿತು.

"ಸೀಳ್ಯಾದ! ಈ ಗಾಲಿ ಸೀಳ್ಯಾದ!" ಎಂದು ಕೂಗಿದೆ. "ಇಂಥ ಗಾಲಿಗಿ ಗುರುತು ಹಾಕ್ಯಾನ ನೋಡ್ರಿ ನಿಮ್ಮ ಮುಕಾದಮ! ಮಂದಿ ಸಾಯ್ತಿದ್ರಲ್ರಿ!"

ಕೆಲಸದವರೆಲ್ಲ ಓಡಿ ಬಂದರು. ಸಾಹೇಬರ ಮುಖ ಕೆಂಪಾಯಿತು. ರಾಚಪ್ಪನ ಕೋಟೂ ನೌಕರಿಯೂ ಹೋಗುವುದೇ ಉಳಿದಿತ್ತು. ಅಷ್ಟರಲ್ಲಿ ಶಿವಪ್ಪ ನೆಲಕ್ಕೆ ಕೈಯೂರಿ ಡಬ್ಬಿಯ ಕೆಳಗೆ ಬಗ್ಗಿ ನೋಡಿದ.

"ಅಪ್ಪಾ, ಸೀಳಿಲ್ಲ. ಗಾಲಿಗಿ ಕಬ್ಬಿಣದ ತುಂಡೊಂದು ಒತ್ಕೊಂಡದ."

ಬ್ರೇಕು ಅದು. ರಾಚಪ್ಪ ತಪಾಸಣೆ ಮಾಡಿ ಹೋದ ಮೇಲೆ, ಡಬ್ಬಿ ಉರುಳದಿರಲೆಂದು ಯಾರೋ ಅದನ್ನು ಹಾಕಿದ್ದರು. ರಾಚಪ್ಪ ಓಡಿಹೋಗಿ ಬದಿಯ ಉದ್ದನೆಯ ಹಿಡಿಯನ್ನು ಮೇಲೆತ್ತಿದ. ಶಿವಪ್ಪ ನನ್ನ ಕೈಯಿಂದ ಸುತ್ತಿಗೆ ತೆಗೆದುಕೊಂಡು ಅದೇ ಗಾಲಿಗೆ ಬಡಿದ. ಠಣ್.

ನಿನಗೆ ಹೇಗೆ ತಿಳಿಯಿತು ಎಂದು ಸಾಹೇಬರು ಕೇಳಿದರು. ಹುಡುಗ ಕನ್ನಡದಲ್ಲಿ ಹೇಳಿದ್ದನ್ನು ರಾಚಪ್ಪ ಉರ್ದುವಿನಲ್ಲಿ ತಿಳಿಸಿದ. "ಮಣ್ಣಿಗಿ ಅಂಟಿದ ಫರ್ಸಿ ಗಟ್ಟಿ ಇದ್ರೂ ಬದ್ ಅಂತದ್ರಿ. ಎತ್ತಿ ಬಿಡಿಸಿ ಬಡೀಬೇಕು. ನಮ್ಮಪ್ಪ ಕಲಿಸ್ಯಾನ. ಅದಕ್ಕ ಇದಕ್ಕೇನ್ ಅಂಟ್ಯಾದ ಅಂತ ನೋಡ್ದೆ."

ನಾನು ಕಲಿಸಿದ್ದೆ, ನಿಜ. ಇದೇ ತಪ್ಪಿಗೆ ಎಷ್ಟು ಹುಡುಗರ ತಲೆಗೆ ಮೊಟಕಿದ್ದೆನೋ! ಷಡ್ಡಕನನ್ನು ಹಿಡಿದುಕೊಡುವ ಅವಸರದಲ್ಲಿ ನನ್ನ ಪಾಠ ನನಗೇ ಮರೆತಿತ್ತು.

"ಲಡಕಾ ಪಾಸ್," ಅಂದರು ಸಾಹೇಬರು. ನನ್ನ ಕಡೆ ತಿರುಗಿ, "ಬಡೇ ಮಿಯಾ, ಆಪ್ ಘರ್ ಜಾವ್." ಮುದುಕಪ್ಪಾ, ನೀವು ಮನೆಗೆ ಹೋಗಿ ಎಂದ ಹಾಗೆ. ಮಂದಿ ಗೊಳ್ಳೆಂದು ನಕ್ಕರು.

ಮನೆಯಲ್ಲಿ ರಾಚಪ್ಪ ಒಂದು ಮಾತೂ ಬಯ್ಯಲಿಲ್ಲ. ನನಗೇ ಮೊದಲು ಬಡಿಸಲು ಹೇಳಿದ. ಬೈದಿದ್ದರೆ ನಾನೂ ಎರಡು ಬೈದು ಹಗುರಾಗುತ್ತಿದ್ದೆ. ಹತ್ತು ವರ್ಷ ರಾಚಪ್ಪನ ಮೇಲಿದ್ದ ಹೊಟ್ಟೆಕಿಚ್ಚು ಈಗ ನನ್ನ ಮಗನ ಮೇಲೆ ತಿರುಗಿತ್ತು. ಎದುರಿಗೆ ಕುಳಿತು ಹಸಿದು ಉಣ್ಣುತ್ತಿದ್ದ ಅವನ ಕೈ, ಅವನ ಕಿವಿ, ಅವನ ಮುಂದಿನ ನಲವತ್ತು ವರ್ಷ, ಎಲ್ಲದರ ಮೇಲೂ ಉರಿ. ಹೆತ್ತ ಮಗನ ಮೇಲೆ ಹೊಟ್ಟೆಕಿಚ್ಚು ಪಡುವವನು ಎಂಥ ತಂದೆ ಎಂದು ನೀವು ಕೇಳಬಹುದು. ನಾನೂ ಕೇಳಿಕೊಂಡೆ. ಕೇಳಿಕೊಂಡರೂ ಅದು ಆರಲಿಲ್ಲ.

ಮಧ್ಯಾಹ್ನ ನಾಲ್ಕಕ್ಕೆ ಸೇಡಂ ಕಡೆಯ ಗಾಡಿ. ಗಂಟು ಹೊತ್ತು ಶಿವಪ್ಪ ಸ್ಟೇಷನ್ನಿಗೆ ಬಂದ. ನಾನು ಟಿಕೆಟು ತೆಗೆದುಕೊಂಡು ಬಂದೆ.

"ನಿಂಗ ಆ ಜಾಗ ಬೇಕಿತ್ತು ಅಂತ ಮೊದಲೇ ಹೇಳಿದ್ರ," ಅಂದ ಶಿವಪ್ಪ, "ನಾ ಬರ್ತಿದ್ದಿಲ್ಲಪ್ಪ. ನಿನಗ ಬಿಟ್ಟು ಊರಾಗೇ ಇರ್ತಿದ್ದೆ."

"ಅವ್ವಗ ಕಾಗದ ಹಾಕು," ಅಂದೆ. ಬರೆಯಲು ಅವನಿಗೆ ಬರುತ್ತಿರಲಿಲ್ಲ ಎಂಬುದು ಆಮೇಲೆ ನೆನಪಾಯಿತು. "ಮಹಾದೇವಿ ಕಡಿಂದ ಕಲ್ತು ಹಾಕ್ತೀನಿ," ಅಂದ.

ನಾನು ಹತ್ತಿ ಕಿಟಕಿಯ ಹತ್ತಿರ ಕುಳಿತೆ. ರಾಚಪ್ಪ ದೂರದಿಂದ ಕೂಗಿ ಅವನನ್ನು ಕರೆದ, ಕೈಗೆ ಸುತ್ತಿಗೆ ಕೊಟ್ಟ. ಅವತ್ತೇ ಕೆಲಸ ಶುರು. ಇಂಜಿನ್ ಕಡೆಯಿಂದ ಒಂದೊಂದೇ ಗಾಲಿ ಬಡಿಯುತ್ತ ಶಿವಪ್ಪ ನನ್ನ ಡಬ್ಬಿಯವರೆಗೆ ಬಂದ. ಸರಿಯಾಗಿ ನನ್ನ ಕಿಟಕಿಯ ಕೆಳಗೆ ನಿಂತ. ಸುತ್ತಿಗೆಯನ್ನು ಬಿಗಿಯಾಗಿ ಹಿಡಿದಿದ್ದ, ಹಾಗೆ ಹಿಡಿಯಬಾರದು. ನಾನು ಹೊರಗೆ ತಲೆ ಹಾಕಿದೆ.

"ಶಿವಪ್ಪಾ, ಕೈ ಸಡ್ಲ ಬಿಡು. ಹಿಂಗ, ಇಲ್ನೋಡು..."

ಅವನು ತಲೆಯೆತ್ತಲಿಲ್ಲ. ಎಡಗೈ ಮೇಲೆತ್ತಿ ನನ್ನನ್ನು ತಡೆದ.

"ಅಪ್ಪಾ, ಸುಮ್ಮನಿರು. ಕೇಳಾಕತ್ತೀನಿ."

ಖಣಿಯಲ್ಲಿ ಆ ಮಾತು ಹೇಳುವ ಹಕ್ಕು ಮೇಸ್ತ್ರಿಗೆ ಮಾತ್ರ. ಇಪ್ಪತ್ತು ವರ್ಷ ನಾನು ಹೇಳಿದ್ದೆ, ಹೇಳಿದೊಡನೆ ಎಲ್ಲರ ಸುತ್ತಿಗೆಗಳೂ ನಿಲ್ಲುತ್ತಿದ್ದವು. ನನಗೆ ಯಾರೂ ಹೇಳಿರಲಿಲ್ಲ. ಬಾಯಿ ಮುಚ್ಚಿದೆ.

ಅವನು ಬಡಿದ. ನಾನೂ ಕಿವಿಗೊಟ್ಟೆ. ಸಪ್ಪಳ ಸರಿಯಾಗಿತ್ತು. ಅವನು ನನ್ನ ಕಡೆ ನೋಡದೆ ಮುಂದಿನ ಗಾಲಿಗೆ ಹೋದ.