ಕರುವಿನ ಪಾಲಿಗೆ ನಾನು ಕಾವಲಿದ್ದ ಚಳಿಗಾಲ

ಬಸವೇಶ್ವರನಗರದಲ್ಲಿ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚಿದ್ದ ದಿನಗಳವು. ನಮ್ಮ ಮನೆಯ ಗೇಟಿನಿಂದ ನೋಡಿದರೆ ನಾಲ್ಕು ಸೈಟಿನಾಚೆ ಹಾಲು ಮಾರುವ ಪುಟ್ಟಮ್ಮನ ಕೊಟ್ಟಿಗೆ ಕಾಣುತ್ತಿತ್ತು. ತಗಡಿನ ಮಾಡು, ಮುಂದೊಂದು ಹೊಂಗೆಮರ, ಅದರ ಕೆಳಗೆ ಕಲ್ಲಿನ ಬಾನಿ. ಬೆಳಗಿನ ಮಂಜು ಸರಿಯುವ ಮೊದಲೇ ಹಸಿ ಹುಲ್ಲು, ಸಗಣಿ, ಬೂಸಾ ಎಲ್ಲ ಸೇರಿದ ಒಂದು ಬೆಚ್ಚನೆಯ ವಾಸನೆ ಗಾಳಿಯಲ್ಲಿ ತೇಲಿ ನಮ್ಮ ಅಂಗಳದವರೆಗೂ ಬರುತ್ತಿತ್ತು. ಆ ವಾಸನೆ ಬಂದರೆ ನನ್ನ ಕೆಲಸದ ಹೊತ್ತಾಯಿತು ಎಂದರ್ಥ.

ನನಗಾಗ ಒಂಬತ್ತು ವರ್ಷ. ಕಾನ್ವೆಂಟಿನ ನೀಲಿ ಸ್ಕರ್ಟು ಹಾಕಿಕೊಳ್ಳುವ ಮೊದಲು, ಅಜ್ಜಿಯ ಹಳೆಯ ಶಾಲನ್ನು ತಲೆಗೆ ಸುತ್ತಿಕೊಂಡು, ಹಿತ್ತಾಳೆ ತಂಬಿಗೆ ಹಿಡಿದು ಹಾಲಿಗೆ ಹೋಗುವುದು ನನ್ನ ಪಾಲಿನ ಕೆಲಸ. ಬರೀ ಹಾಲು ತರುವುದಾಗಿದ್ದರೆ ಯಾರಾದರೂ ತರಬಹುದಿತ್ತು. ನಾನು ನೋಡಿ ಬರಬೇಕಿತ್ತು.

ಅಜ್ಜಿ, ಅಂದರೆ ಅಪ್ಪನ ತಾಯಿ, ದಾವಣಗೆರೆ ಕಡೆಯಿಂದ ಬಂದವರು. ಊರಿನಲ್ಲಿ ಅವರ ಮನೆಯ ಪದ್ಧತಿ ಒಂದಿತ್ತು. ಹಸುವಿನ ಕೆಚ್ಚಲಿನ ನಾಲ್ಕು ಮೊಲೆಗಳಲ್ಲಿ ಎರಡು ಮನೆಗೆ, ಎರಡು ಕರುವಿಗೆ. ಕರು ಕುಡಿಯದ ಹಾಲು ಒಲೆಯ ಮೇಲೆ ಏರುವಂತಿಲ್ಲ. ಬೆಂಗಳೂರಿಗೆ ಬಂದಮೇಲೂ ಆ ಪದ್ಧತಿಗೆ ಪುಟ್ಟಮ್ಮನನ್ನು ಒಪ್ಪಿಸಿಯೇ ಹಾಲು ಗೊತ್ತುಮಾಡಿಕೊಂಡಿದ್ದರು. ಆದರೆ ಮಂಡಿನೋವು. ಅಷ್ಟು ದೂರ ನಡೆಯಲಾಗದೆ ತಮ್ಮ ಕಣ್ಣುಗಳನ್ನು ನನಗೆ ಕೊಟ್ಟು ಕಳಿಸುತ್ತಿದ್ದರು.

ನಾನು ಬಂದ ತಕ್ಷಣ, ಲಿಂಗಪೂಜೆ ಮುಗಿಸಿ ಹಣೆಯ ವಿಭೂತಿ ಇನ್ನೂ ಆರದಿರುವಾಗಲೇ ಕೇಳುತ್ತಿದ್ದರು.

"ಕುಡೀತೇನು?"

"ಕುಡೀತಜ್ಜಿ."

"ಬಾಲ ಅಲ್ಲಾಡಸ್ತೇನು?"

"ಅಲ್ಲಾಡಿಸ್ತು."

"ಬಾಯಾಗ ನೊರಿ ಇತ್ತೇನು?"

ಈ ಮೂರನೆಯ ಪ್ರಶ್ನೆಗೂ ಹೌದು ಎಂದರೆ ಮಾತ್ರ ಹಾಲು ಒಳಗೆ ಹೋಗುತ್ತಿತ್ತು. ಅಪ್ಪ ಪೇಪರಿನ ಹಿಂದಿನಿಂದ, "ಅವ್ವ, ಇನ್‌ಸ್ಪೆಕ್ಷನ್ ಆಯ್ತಾ? ಕಾಫಿ ಕುಡಿಬಹುದಾ?" ಎನ್ನುತ್ತಿದ್ದರು.

ಆ ವರ್ಷದ ಅವರೆಕಾಯಿ ಕಾಲ. ಮಾಗಡಿ ರಸ್ತೆ ಕಡೆಯಿಂದ ಸೊಗಡು ಅವರೆ ಬರುತ್ತಿತ್ತು. ಮನೆಯಲ್ಲಿ ಯಾರ ಕೈ ಮೂಸಿದರೂ ಅದೇ ಘಮ. ಅಂಥದ್ದೊಂದು ಬೆಳಿಗ್ಗೆ ಪುಟ್ಟಮ್ಮನ ಹಸು ಕೆಂಪಿ ಮತ್ತೊಂದು ಕರು ಹಾಕಿತು. ಹೋರಿಗರು. ತಾಯಿಯ ಬಣ್ಣವೇ, ಹಣೆಯಲ್ಲಿ ಮಾತ್ರ ಬೆರಳಿನಿಂದ ಒತ್ತಿದಷ್ಟು ಬಿಳಿ.

ಕರುವಿಗಿಂತ ಮೊದಲು ನನಗೆ ನೆನಪಾದದ್ದು ಗಿಣ್ಣು. ಈದ ಹಸುವಿನ ಮೊದಲ ಮೂರು ದಿನದ ಹಳದಿ ಹಾಲಿಗೆ ಬೆಲ್ಲ, ಏಲಕ್ಕಿ ಹಾಕಿ ಅಮ್ಮ ಡಬ್ಬಿಯಲ್ಲಿ ಬೇಯಿಸುತ್ತಿದ್ದಳು. ಚಾಕು ಹಾಕಿದರೆ ಸಣ್ಣಗೆ ನಡುಗುವ ಆ ಗಿಣ್ಣಿಗಾಗಿ ನಾನು ಹೋಂವರ್ಕನ್ನೂ ಬೇಗ ಮುಗಿಸುತ್ತಿದ್ದೆ.

ತಂಬಿಗೆ ಕೊಡುತ್ತಾ ಅಜ್ಜಿ ಹೇಳಿದರು: "ಮೊದಲನೇ ಹಾಲು ಅದರ ಔಷಧ ಐತಿ. ಅದು ಹೊಟ್ಟಿ ತುಂಬ ಕುಡದು ಉಳದಿದ್ರ ಅಷ್ಟ ತಗೊಂಡು ಬಾ."

ಕೊಟ್ಟಿಗೆಯಲ್ಲಿ ಪುಟ್ಟಮ್ಮ ಕರುವನ್ನು ತಾಯಿಯ ಹತ್ತಿರ ಬಿಟ್ಟಳು. ಅದು ತಡವರಿಸಿ, ಮೂತಿಯಿಂದ ಹುಡುಕಿ, ಹಿಡಿದು, ಎರಡು ಗುಟುಕು ಎಳೆಯಿತು. ಬಾಲ ಅಲ್ಲಾಡಿತು. ಹಸು ಸೊರೆ ಬಿಟ್ಟಿತು, ಕೆಚ್ಚಲಿಗೆ ಹಾಲು ಇಳಿಯಿತು. ಅಷ್ಟರಲ್ಲಿ ಪುಟ್ಟಮ್ಮ ಕರುವನ್ನು ಎಳೆದು ಗೂಟಕ್ಕೆ ಕಟ್ಟಿದಳು.

"ಇನ್ನೂ ಕುಡೀತಿತ್ತು," ಎಂದೆ.

"ಸಾಕು ಬಾರವ್ವ. ಗಂಡು ಕರ. ಇದೇನು ನಾಳೆ ಹಾಲು ಕೊಡ್ತದಾ? ಮೂರನೇ ಕ್ರಾಸಲ್ಲಿ ಬಾಣಂತಿ ಮನೆಯೋರು ಗಿಣ್ಣುಹಾಲು ಹೇಳವ್ರೆ. ನಿಂಗೆ ಬೇಕೋ ಬ್ಯಾಡ್ವೋ?"

ನಾನು ತಂಬಿಗೆ ಮುಂದೆ ಹಿಡಿದೆ.

ಮನೆಯಲ್ಲಿ ಅಜ್ಜಿ ಮೂರು ಪ್ರಶ್ನೆ ಕೇಳಿದರು. ಮೂರಕ್ಕೂ ಹೌದು ಎಂದೆ. ಕುಡಿದಿತ್ತು, ಬಾಲ ಅಲ್ಲಾಡಿಸಿತ್ತು, ಒಂದಿಷ್ಟು ನೊರೆಯೂ ಇತ್ತು. ಸುಳ್ಳು ಹೇಳಬಾರದು ಎಂದು ಮಾರಲ್ ಸೈನ್ಸ್ ಕ್ಲಾಸಿನಲ್ಲಿ ಸಿಸ್ಟರ್ ಹೇಳಿಕೊಟ್ಟಿದ್ದರು. ನಾನು ಹೇಳಿದ್ದರಲ್ಲಿ ಸುಳ್ಳು ಯಾವುದು ಎಂದು ಗಿಣ್ಣು ತಿನ್ನುತ್ತಾ ಹುಡುಕಿದೆ. ಸಿಗಲಿಲ್ಲ. ಎರಡನೆಯ ದಿನವೂ ಹಾಗೇ ಆಯಿತು, ಹಾಗೇ ಹೇಳಿದೆ, ಇನ್ನೊಂದು ತುಂಡು ಕೇಳಿ ಹಾಕಿಸಿಕೊಂಡೆ.

ಮೂರನೆಯ ದಿನ ಕರು ಏಳಲಿಲ್ಲ. ಗೋಣಿತಾಟಿನ ಮೇಲೆ ಕುತ್ತಿಗೆ ಚಾಚಿ ಮಲಗಿತ್ತು. ಮೂಗಿನ ತುದಿ ಒಣಗಿತ್ತು. ಕೆಂಪಿ ಅದನ್ನು ನೆಕ್ಕುತ್ತಲೇ ಇತ್ತು. ನೆಕ್ಕಿದಷ್ಟೂ ಕಡೆ ರೋಮ ಒಂದೇ ದಿಕ್ಕಿಗೆ ಅಂಟಿಕೊಂಡಿತ್ತು. ಪುಟ್ಟಮ್ಮ ನನ್ನ ತಂಬಿಗೆ ತುಂಬಿಸಿದಳು. ಮನೆಯಲ್ಲಿ ಮೂರು ಪ್ರಶ್ನೆಗೂ ಹಿಂದಿನ ದಿನದ ಉತ್ತರವನ್ನೇ ಕೊಟ್ಟೆ.

ಅಂದಿನ ಗಿಣ್ಣು ತಟ್ಟೆಗೆ ಬಂದಾಗ ಮುಟ್ಟದೆ ಎದ್ದೆ. ಅಜ್ಜಿಯ ಪಕ್ಕ ಹೋಗಿ ಕುಳಿತೆ.

"ಅಜ್ಜಿ, ಎರಡೇ ಗುಟುಕು ಕುಡೀತು. ಮೂರು ದಿನಾನೂ ಹೊಟ್ಟೆ ತುಂಬ ಕುಡೀಲಿಲ್ಲ. ಇವತ್ತು ಏಳ್ತಾನೇ ಇಲ್ಲ."

ಅವರು ಬೈಯುತ್ತಾರೆ ಎಂದುಕೊಂಡಿದ್ದೆ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ತಮ್ಮ ತಟ್ಟೆಯ ಗಿಣ್ಣನ್ನು ಬದಿಗೆ ಸರಿಸಿ, "ನನ್ನ ಕೋಲು ತಗೊಂಡು ಬಾ," ಎಂದರು.

ನಾಲ್ಕು ಸೈಟು ದಾಟಲು ನಮಗೆ ಅರ್ಧ ಗಂಟೆಯೇ ಆಗಿರಬೇಕು. ಅಜ್ಜಿಯ ಒಂದು ಕೈ ಕೋಲಿನ ಮೇಲೆ, ಒಂದು ಕೈ ನನ್ನ ಹೆಗಲ ಮೇಲೆ. ಹುಲ್ಲಿನ ಮುಳ್ಳು ಅವರ ಇಳಕಲ್ ಸೀರೆಯ ಅಂಚಿಗೆಲ್ಲ ಹತ್ತಿಕೊಂಡಿತ್ತು. ನೋವಿಗೆ ಅವರ ಬೆರಳು ಬಿಗಿಯಾದಾಗಲೆಲ್ಲ ನನ್ನ ಹೆಗಲಿಗೆ ಗೊತ್ತಾಗುತ್ತಿತ್ತು.

ಪುಟ್ಟಮ್ಮ ಎದ್ದು ನಿಂತಳು. ಅಜ್ಜಿ ಮೊದಲು ಕರುವಿನ ಹತ್ತಿರ ಹೋಗಿ ಕಿವಿ ಮುಟ್ಟಿ ನೋಡಿದರು. "ಕಿವಿ ತಣ್ಣಗಾಗ್ಯಾವ. ಎರಡು ಮೊಲಿ ಇದಕ್ಕ ಅಂತ ಮಾತಾಗಿತ್ತಲ್ಲಬೇ, ಪುಟ್ಟಮ್ಮ?"

"ಮಾತಾಡೋದು ಸುಲಭ ಕಣಜ್ಜಿ," ಎಂದಳು ಪುಟ್ಟಮ್ಮ. ದನಿ ಏರಿಸಲಿಲ್ಲ. "ನಾವು ಕೋಳಿ ತಿಂತೀವಿ ಅಂತ ನಿಮ್ಮ ಬೀದಿಯೋರು ಮೂಗು ಮುರೀತಾರೆ. ಕರದ ಬಾಯಿಂದ ಕಿತ್ತುಕೊಟ್ರೂ ಹಾಲು ಬೆಳ್ಳಗೇ ಇರ್ತದಲ್ಲ, ಯಾರಿಗೂ ಏನೂ ಕಾಣಕಿಲ್ಲ. ಎಲ್ಲಾರ್ಗೂ ಹಾಲು ಬೇಕು, ಗಿಣ್ಣು ಬೇಕು. ಗಂಡು ಕರ ಯಾರಿಗೆ ಬೇಕು?"

ಅಜ್ಜಿ ಕೋಲಿನ ಮೇಲೆ ಎರಡೂ ಕೈ ಊರಿದರು. ನಾನು ಕಲ್ಲುಬಾನಿಯ ಅಂಚಿನ ಪಾಚಿಯನ್ನು ನೋಡುತ್ತಿದ್ದೆ.

"ಖರೇ ಹೇಳಿದಿ," ಎಂದರು ಕೊನೆಗೆ. "ಮೂರು ದಿನ ನಾವೂ ತಿಂದೀವಿ. ಇವತ್ತಿನಿಂದ ನಮ್ಮ ಮನೀ ತಂಬಿಗಿ ಹಾಲು ಇದಕ್ಕ ಕುಡಸು. ಹಾಲಿನ ರೊಕ್ಕ ಎಂದಿನಂಗ ಬರ್ತೈತಿ. ಹುಡುಗಿ ಬರ್ತಾಳ, ನಿಂತು ನೋಡ್ತಾಳ, ಖಾಲಿ ತಂಬಿಗಿ ತರ್ತಾಳ."

"ಮತ್ತೆ ನಿಮ್ಮ ಕಾಫಿ?"

"ಕರೀದು ಕುಡೀತೀವಿ. ಸಾಯಂಗಿಲ್ಲ. ಇದು ಸಾಯ್ತೈತಿ."

ಅಂದು ಪುಟ್ಟಮ್ಮನೇ ಹಾಲಿಗೆ ಬೆರಳದ್ದಿ ಕರುವಿನ ಬಾಯಿಗಿಟ್ಟಳು. ಮೊದಲು ಕಟಬಾಯಿಂದ ಸುರಿದುಹೋಯಿತು. ಮತ್ತೆ ಇಟ್ಟಳು. ಎಷ್ಟನೆಯ ಸಲವೋ, ಅದು ಬೆರಳನ್ನು ಚೀಪಿತು. ಅಜ್ಜಿ ಅಲ್ಲಿಯವರೆಗೂ ಕೂರಲಿಲ್ಲ.

ಆಮೇಲಿನ ದಿನಗಳಲ್ಲಿ ಮನೆಯಲ್ಲಿ ಬೆಲ್ಲದ ಕರಿ ಕಾಫಿ. ಅಪ್ಪ ಪ್ಯಾಕೆಟ್ ಹಾಲಿನ ಮಾತೆತ್ತಿದಾಗ ಅಜ್ಜಿ, "ಆ ಪ್ಯಾಕೆಟಿನ ಹಿಂದ ಯಾವ ಕರು ನಿಂತೈತಿ, ನೋಡಿ ಬಂದಿಯೇನು?" ಎಂದರು. ಅಪ್ಪ ಆಫೀಸಿಗೆ ಹೋಗುವ ದಾರಿಯಲ್ಲಿ ಹೋಟೆಲಿಗೆ ನುಗ್ಗತೊಡಗಿದರು. ಸಂಜೆ ಅಜ್ಜಿ ಹತ್ತಿರ ಬಂದರೆ, "ಅವ್ವ, ನನ್ನ ಬಾಯಿ ಮೂಸಬೇಡ," ಎಂದು ತಾವಾಗಿಯೇ ಒಪ್ಪಿಕೊಳ್ಳುತ್ತಿದ್ದರು. ಎದುರು ಮನೆಯ ಆಂಟಿ ನನ್ನನ್ನು ಕಂಡಾಗಲೆಲ್ಲ, "ಏನೇ, ಗಾಳಿ ತುಂಬಿಸ್ಕೊಂಡು ಬಂದ್ಯಾ?" ಎಂದು ನಗುತ್ತಿದ್ದರು. ಮೊದಮೊದಲು ತಂಬಿಗೆಯನ್ನು ಶಾಲಿನೊಳಗೆ ಮುಚ್ಚಿಟ್ಟುಕೊಂಡು ಬರುತ್ತಿದ್ದೆ. ಕರು ತಾನಾಗಿಯೇ ಎದ್ದು ನಿಂತು, ತಲೆಯಿಂದ ಕೆಚ್ಚಲನ್ನು ಗುದ್ದಿ ಕುಡಿದ ಬೆಳಿಗ್ಗೆ, ತಂಬಿಗೆಯನ್ನು ತಲೆಕೆಳಗು ಹಿಡಿದು, ಎಲ್ಲರಿಗೂ ಕಾಣುವ ಹಾಗೆ ಆಡಿಸುತ್ತಾ ಬಂದೆ.

ಸ್ಕೂಲಿನಲ್ಲಿ ಸಿಸ್ಟರ್ ಒಮ್ಮೆ, ಮನೆಯಲ್ಲಿ ನೀವು ಮಾಡುವ ಕೆಲಸದ ಬಗ್ಗೆ ಬರೆಯಿರಿ ಎಂದರು. ಎಲ್ಲರೂ ಗಿಡಕ್ಕೆ ನೀರು, ಅಮ್ಮನಿಗೆ ಸಹಾಯ ಎಂದು ಬರೆದರು. ನಾನು, ಕರು ಹಾಲು ಕುಡಿಯುವುದನ್ನು ನೋಡುತ್ತೇನೆ ಎಂದು ಬರೆದೆ. ಸಿಸ್ಟರ್ ಕರೆದು, ಅದು ಹೇಗೆ ಕೆಲಸವಾಗುತ್ತದೆ ಎಂದರು. ಬಾಲ, ನೊರೆ, ಎರಡು ಗುಟುಕು, ಎಲ್ಲ ಹೇಳಿದೆ. ನಾನು ಮಾಡಿದ ತಪ್ಪನ್ನೂ ಹೇಳಿದೆ. ಅವರು ಪುಸ್ತಕಕ್ಕೆ ಸಹಿ ಹಾಕಿ, ಮುಂದಿನ ವಾರವೆಲ್ಲ ನನ್ನನ್ನು ಕಂಡಾಗ "ಹೇಗಿದೆ ನಿನ್ನ ಕರು?" ಎಂದು ಕೇಳುತ್ತಿದ್ದರು.

ಸಂಕ್ರಾಂತಿಯ ಸಂಜೆ ಖಾಲಿ ಸೈಟಿನಲ್ಲಿ ಪುಟ್ಟಮ್ಮ ಹುಲ್ಲಿಗೆ ಬೆಂಕಿ ಹಾಕಿ ಕಿಚ್ಚು ಹಾಯಿಸಿದಳು. ಕೆಂಪಿಯ ಕೊಂಬಿಗೆ ಬಣ್ಣ, ಕರುವಿನ ಕೊರಳಿಗೆ ಚೆಂಡುಹೂವು. ತಾಯಿ ಹಾರಿದ ಹಿಂದೆಯೇ ಅದು ಬಾಲವೆತ್ತಿ ಛಂಗನೆ ಹಾರಿತು. ನನ್ನ ಪಕ್ಕ ಕುರ್ಚಿಯಲ್ಲಿ ಕುಳಿತಿದ್ದ ಅಜ್ಜಿ ಕೋಲಿನಿಂದ ನೆಲ ಕುಟ್ಟಿದರು.

ಪುಟ್ಟಮ್ಮ ನನ್ನ ತಂಬಿಗೆಯನ್ನು ತಾನೇ ಇಸಿದುಕೊಂಡು ಹೋದಳು. ತುಂಬಿಸಿ ತಂದು ಅಜ್ಜಿಯ ಕೈಗಿಟ್ಟಳು.

"ಅದು ಕುಡ್ದು ಉಳಿದಿದ್ದು ಕಣಜ್ಜಿ. ಈಗ ಎಲ್ಲ ಮನೆಗೂ ಅಷ್ಟೇ. ಸಾಲದಿದ್ರೆ ಬ್ಯಾರೆ ಕಡೆ ನೋಡ್ಕಳಿ ಅಂದೆ."

ಅಜ್ಜಿ ನನ್ನ ಕಡೆ ತಿರುಗಿದರು. "ಕುಡೀತೇನು?"

ಪುಟ್ಟಮ್ಮ ಎದುರಿಗೇ ನಿಂತಿದ್ದಳು, ಆದರೂ ಕೇಳಿದ್ದು ನನ್ನನ್ನು. ಆ ಕ್ಷಣ ನನ್ನ ಎತ್ತರ ಎರಡಿಂಚು ಹೆಚ್ಚಿತು ಎಂದೇ ಇಂದಿಗೂ ನಂಬಿದ್ದೇನೆ. ಆ ಕರು ಮುಂದೆ ಪುಟ್ಟಮ್ಮನ ಅಣ್ಣನ ಹೇರೋಹಳ್ಳಿಯ ಹೊಲದಲ್ಲಿ ಉಳುವ ಎತ್ತಾಯಿತು.

ಕೊಟ್ಟಿಗೆಯಿದ್ದಲ್ಲಿ ಈಗ ನಾಲ್ಕು ಮಹಡಿ ಎದ್ದಿದೆ. ಹೇರೋಹಳ್ಳಿಯ ಹೊಲಗಳೂ ಸೈಟಾಗಿ, ಮನೆಗಳಾಗಿವೆ. ನಮ್ಮ ಬಾಗಿಲಿನ ಚೀಲಕ್ಕೆ ಬೆಳಗಾಗುವುದರೊಳಗೆ ಪ್ಯಾಕೆಟ್ ಬಂದು ಬೀಳುತ್ತದೆ. ತಂದವರ ಮುಖವನ್ನೂ ನಾನು ಕಂಡಿಲ್ಲ. ಮಗಳು ಹಾಲು ಬಿಟ್ಟು ಎರಡು ವರ್ಷವಾಯಿತು. ಯಾವುದೋ ದೂರದ ದೇಶದ ಬಾದಾಮಿಯ ಹಾಲನ್ನು ಡಬ್ಬಿಯಲ್ಲಿ ತರಿಸಿಕೊಳ್ಳುತ್ತಾಳೆ. "ಅಮ್ಮ, ಕರುವಿನ ಪಾಲು ಕಿತ್ಕೋಬಾರ್ದು ಅಂತ ನೀನೇ ಅಲ್ವಾ ಕಥೆ ಹೇಳಿದ್ದು?" ಎನ್ನುತ್ತಾಳೆ. ನಾನು ವಾದಿಸುವುದಿಲ್ಲ. ಮುತ್ತಜ್ಜಿಯ ಪ್ರಶ್ನೆ ಅವಳವರೆಗೂ ಬಂದಿದೆ ಎಂಬುದೇ ನನಗೆ ಹೆಮ್ಮೆ.

ನಾನು ಓದಿದ್ದರೂ ಹೊರಗೆ ದುಡಿದವಳಲ್ಲ. ಅರ್ಜಿಗಳಲ್ಲಿ ಉದ್ಯೋಗದ ಜಾಗದಲ್ಲಿ ಗೃಹಿಣಿ ಎಂದು ಬರೆಯುವಾಗಲೆಲ್ಲ, ನನಗೂ ಒಂದು ಕೆಲಸವಿದ್ದ ಆ ಚಳಿಗಾಲ ನೆನಪಾಗುತ್ತದೆ. ತಂಬಿಗೆ ಈಗಲೂ ಅಡುಗೆಮನೆಯ ಗೂಡಿನಲ್ಲಿದೆ. ಪ್ಯಾಕೆಟ್ ಕತ್ತರಿಸಿ ಹಾಲನ್ನು ಅದಕ್ಕೇ ಸುರಿಯುತ್ತೇನೆ. ಬಾಲ ಅಲ್ಲಾಡಿಸಿತೇ ಎಂದು ಯಾರಾದರೂ ಕೇಳಿದರೆ, ನೋಡಿ ಬಂದು ಹೇಳುವವರು ಈ ಬೀದಿಯಲ್ಲಿ ಈಗ ಒಬ್ಬರೂ ಇಲ್ಲ. ಹಿಂದೊಮ್ಮೆ ಇದ್ದಳು. ಒಂಬತ್ತು ವರ್ಷದವಳು, ತಲೆಗೆ ಶಾಲು ಸುತ್ತಿಕೊಂಡಿರುತ್ತಿದ್ದಳು.